ನಲವತ್ತೆಂಟು ದಿನದ ಲೆಕ್ಕ

ಮಾರ್ಚ್ ಮುಗಿಯೋ ಹೊತ್ತಿಗೆ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಮಾತಿನ ವಿಷಯವೇ ಬದಲಾಗಿಬಿಡುತ್ತೆ. ಅಲ್ಲಿವರೆಗೂ ಅಪ್ರೈಸಲ್ಲು, ಟ್ರಾಫಿಕ್ಕು, ಸೈಟಿನ ರೇಟು ಅಂತ ಇದ್ದವರೆಲ್ಲ ಒಂದೇ ಪ್ರಶ್ನೆಗೆ ಬಂದು ನಿಲ್ತಾರೆ. "ಈ ಸಲ ಮಕ್ಕಳನ್ನ ಎಲ್ಲಿಗೆ ಹಾಕ್ತಿದ್ದೀರಾ?"

ಆ "ಹಾಕ್ತಿದ್ದೀರಾ" ಅನ್ನೋ ಮಾತು ನೋಡಿ. ಬ್ಯಾಂಕಿಗೆ ದುಡ್ಡು ಹಾಕಿದ ಹಾಗೆ, ಬಟ್ಟೆ ಇಸ್ತ್ರಿಗೆ ಹಾಕಿದ ಹಾಗೆ! ನಾವು ಚಿಕ್ಕವರಿದ್ದಾಗ ರಜೆಗೆ ಎಲ್ಲಿಗೆ "ಹೋಗ್ತೀಯ" ಅಂತ ಕೇಳ್ತಿದ್ರು. ಈಗ ಎಲ್ಲಿಗೆ "ಹಾಕ್ತೀರ" ಅಂತಾರೆ. ನಗು ಬರುತ್ತೆ, ಆದರೆ ವೈಟ್‌ಫೀಲ್ಡಿನಲ್ಲಿ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗೋ ಮನೆಯಲ್ಲಿ ಏಪ್ರಿಲ್ ತಿಂಗಳ ದೊಡ್ಡ ತಲೆನೋವು ಇದೇ.

ಮೊದಲು ಕ್ಯಾಲೆಂಡರಿನ ಲೆಕ್ಕ ಹೇಳಿಬಿಡ್ತೀನಿ. 2025ರಲ್ಲಿ ನಮ್ಮ ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ಬೇಸಿಗೆ ರಜೆ ಏಪ್ರಿಲ್ 11ರಿಂದ ಮೇ 28ರವರೆಗೆ. ಒಟ್ಟು 48 ದಿನ. ಆಮೇಲೆ ದಸರಾ ರಜೆ, ಸೆಪ್ಟೆಂಬರ್ 20ರಿಂದ ಅಕ್ಟೋಬರ್ 7ರವರೆಗೆ 18 ದಿನ. ಎರಡೂ ಸೇರಿ 66. ದಸರಾ ಮುಗಿದು ಶಾಲೆ ಶುರುವಾಗಬೇಕು ಅನ್ನೋ ಹಿಂದಿನ ದಿನ, ಮೇಷ್ಟ್ರುಗಳೆಲ್ಲ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆಯಲ್ಲಿ ಇದ್ದಾರೆ ಅಂತ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ರಜೆಯನ್ನ ಅಕ್ಟೋಬರ್ 18ರವರೆಗೆ ಮುಂದಕ್ಕೆ ಹಾಕಿದ್ರು. ಅದರ ಬೆನ್ನಿಗೇ ದೀಪಾವಳಿ. ಮಕ್ಕಳು ಕುಣಿದಾಡಿದ್ರು. ಕೆಲಸಕ್ಕೆ ಹೋಗೋ ಅಪ್ಪ ಅಮ್ಮಂದಿರಿಗೆ ಸಿಕ್ಕಿದ್ದು ಒಂದೇ ದಿನದ ನೋಟೀಸು.

ಈಗ ನಮ್ಮನೆ ಲೆಕ್ಕ. ಮಗಳು ನಾಲ್ಕನೇ ಕ್ಲಾಸು ಮುಗಿಸಿದ್ದಳು. 48 ದಿನದಲ್ಲಿ ಶನಿವಾರ ಭಾನುವಾರ ಕಳೆದು, ಗುಡ್ ಫ್ರೈಡೇ ಮತ್ತು ಮೇ ಒಂದನೇ ತಾರೀಕು ಕಳೆದರೆ ನಮಗಿಬ್ಬರಿಗೂ ಆಫೀಸು ಇರೋ ದಿನ 32. ಅದರಲ್ಲಿ ಏಳು ದಿನ ತಿಪಟೂರಿನಲ್ಲಿ ಅಮ್ಮನ ಮನೆ. ನಾನು ಮೂರು ದಿನ ರಜೆ ಹಾಕಿದೆ, ಇವರು ಎರಡು ದಿನ. ಉಳಿದ 20 ದಿನಕ್ಕೆ ಸಮ್ಮರ್ ಕ್ಯಾಂಪು. ಮೊದಲ ಎರಡು ವಾರ "ಕ್ರಿಯೇಟಿವ್" ಕ್ಯಾಂಪು, 7,500 ರೂಪಾಯಿ. ಮುಂದಿನ ಎರಡು ವಾರ ಚಿತ್ರಕಲೆ ಮತ್ತು ಈಜು, 6,000. ವ್ಯಾನಿಗೆ 2,500.

ಇಷ್ಟಾದರೆ ಮುಗಿಯಿತಲ್ಲ ಅಂದ್ಕೋಬೇಡಿ. ಕ್ಯಾಂಪು ಬೆಳಿಗ್ಗೆ ಒಂಬತ್ತೂವರೆಗೆ ಶುರುವಾಗಿ ಹನ್ನೆರಡೂವರೆಗೆ ಮುಗಿಯುತ್ತೆ! ಮೂರು ಗಂಟೆ. ನಾನು ಮನೆ ಬಿಡೋದು ಎಂಟೂವರೆಗೆ, ಬರೋದು ಸಂಜೆ ಆರೂವರೆ. ಮಧ್ಯದ ಹೊತ್ತಿಗೆ ಪಕ್ಕದ ಬೀದಿಯ ಡೇ ಕೇರಿನಲ್ಲಿ ದಿನಕ್ಕೆ 400 ರೂಪಾಯಿ, 20 ದಿನಕ್ಕೆ 8,000. ಒಟ್ಟು 24,000 ರೂಪಾಯಿ. ಒಂದು ಮಗುವಿಗೆ, ಒಂದು ಬೇಸಿಗೆಗೆ. ಮನೆಗೆ ಬಂದದ್ದು ಒಂದು ಪೇಪರ್ ಮಾಷೆಯ ಆನೆ, ಅರ್ಧ ಕಲಿತ ಈಜು, ಮತ್ತೆ ಒಂದು ಸರ್ಟಿಫಿಕೇಟು.

ನಮಗೆ ಇದು ಕಷ್ಟವೇ ಹೊರತು ಅಸಾಧ್ಯ ಅಲ್ಲ. ಎರಡು ಸಂಬಳ ಇದೆ, ಗೊಣಗುತ್ತಾ ಕೊಡ್ತೀವಿ. ನಾನು ಇಷ್ಟುದ್ದ ಬರೆಯೋಕೆ ಕೂತಿದ್ದು ಆ 24,000ಕ್ಕೆ ಅಲ್ಲ. ಪೀಣ್ಯದಲ್ಲಿರೋ ನನ್ನ ತಮ್ಮನ ಮನೆ ಲೆಕ್ಕಕ್ಕೆ.

ತಮ್ಮ ಪೀಣ್ಯದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಲೇತ್ ಆಪರೇಟರು. ಅವನ ಹೆಂಡತಿ ಗಾರ್ಮೆಂಟ್ಸಿನಲ್ಲಿ ಟೈಲರ್. ಲಗ್ಗೆರೆ ಕಡೆ ಒಂದು ವಠಾರದಲ್ಲಿ ಎರಡು ರೂಮಿನ ಮನೆ. ದೊಡ್ಡವನಿಗೆ ಹನ್ನೊಂದು ವರ್ಷ, ಚಿಕ್ಕವಳಿಗೆ 2024ರ ಮೇ ತಿಂಗಳಲ್ಲಿ ಆರು ತುಂಬಿತು. ಆ ಹುಡುಗಿ ಆರು ತುಂಬುವವರೆಗೂ ಬೆಳೆದದ್ದು ಅಮ್ಮನ ಫ್ಯಾಕ್ಟರಿಯ ಮಕ್ಕಳ ಕೋಣೆಯಲ್ಲೇ. ಬೆಳಿಗ್ಗೆ ಅಮ್ಮನ ಜೊತೆ ಟೆಂಪೋ ಹತ್ತಿ ಹೋಗೋದು, ಸಂಜೆ ಅಮ್ಮನ ಜೊತೆ ವಾಪಸ್ಸು. ಆಯಾ ಇದ್ದರು, ಹಾಲು ಕೊಡ್ತಿದ್ರು, ಮಧ್ಯಾಹ್ನ ಮಲಗಿಸ್ತಿದ್ರು, ನಾಲ್ಕು ಅಕ್ಷರಾನೂ ಕಲಿಸಿದ್ರು. ಆರು ತುಂಬಿದ ಕೂಡಲೇ ಅಲ್ಲಿಗೆ ಬಾಗಿಲು ಮುಚ್ಚಿತು, ಒಂದನೇ ಕ್ಲಾಸಿನ ಬಾಗಿಲು ತೆರೆಯಿತು. ಸರಿ, ಅದು ನ್ಯಾಯವೇ. ಆದರೆ 2025ರ ಏಪ್ರಿಲ್ 11ಕ್ಕೆ ಶಾಲೆಯ ಬಾಗಿಲೂ ಮುಚ್ಚಿತಲ್ಲ, ಆವತ್ತಿನಿಂದ ಅವಳು ಎಲ್ಲಿಗೆ ಹೋಗಬೇಕು?

ಅವರದ್ದು ವಾರಕ್ಕೆ ಆರು ದಿನದ ಕೆಲಸ. 48ರಲ್ಲಿ ಏಳು ಭಾನುವಾರ, ಒಂದು ಮೇ ದಿನ ಕಳೆದರೆ 40 ದಿನ. ದಸರಾದ 18ರಲ್ಲಿ ಮೂರು ಭಾನುವಾರ, ಆಯುಧಪೂಜೆ, ವಿಜಯದಶಮಿ ಕಳೆದರೆ 13. ಒಟ್ಟು 53 ದಿನ ಮಕ್ಕಳು ಮನೆಯಲ್ಲಿ, ಇವರು ಕೆಲಸದಲ್ಲಿ. ಇನ್ನು ಇವರ ರಜೆ. 20 ದಿನ ದುಡಿದರೆ ಒಂದು ದಿನ ಸಂಬಳ ಸಹಿತ ರಜೆ ಅನ್ನೋದು ಕಾನೂನು. ವರ್ಷಕ್ಕೆ 280 ದಿನ ದುಡಿದರೆ 14 ದಿನ. ಇಬ್ಬರದ್ದೂ ಸೇರಿ 28. ಒಬ್ಬರಾದ ಮೇಲೆ ಒಬ್ಬರು ಒಂದೊಂದು ದಿನವನ್ನೂ ಮಕ್ಕಳಿಗೇ ಇಟ್ಟರೂ 25 ದಿನ ಉಳಿಯುತ್ತೆ. ಅದೂ ಯಾರಿಗೂ ಜ್ವರ ಬರಬಾರದು, ಊರ ಹಬ್ಬಕ್ಕೆ ಹೋಗಬಾರದು, ನೆಂಟರಲ್ಲಿ ಮದುವೆ ಆಗಬಾರದು, ನಾಲ್ಕೂ ಜನ ಒಟ್ಟಿಗೆ ಒಂದು ದಿನವೂ ರಜೆಯಲ್ಲಿ ಇರಬಾರದು. ಶಿಪ್‌ಮೆಂಟು ಇದ್ದಾಗ ಕೇಳಿದ ರಜೆ ಸಿಗೋದೂ ಇಲ್ಲ. ಸಂಬಳವಿಲ್ಲದೆ ರಜೆ ಹಾಕಿದರೆ ಆ ದಿನದ ಕೂಲಿಯ ಜೊತೆ ತಿಂಗಳ ಹಾಜರಾತಿ ಬೋನಸ್ಸೂ ಹೋಗುತ್ತೆ.

"ಮತ್ತೆ ಏನ್ ಮಾಡ್ತೀಯೋ?" ಅಂತ ಕೇಳಿದೆ.

"ಏನ್ ಮಾಡೋದು ಅಕ್ಕಾ, ದೊಡ್ಡೋನು ನೋಡ್ಕತಾನೆ. ಹುಷಾರವ್ನೆ" ಅಂದ.

ಹುಷಾರಾಗೇ ಇದ್ದಾನೆ, ಸುಳ್ಳಲ್ಲ. ಆ ಮನೆಯ ದಿನಚರಿ ಹೇಳ್ತೀನಿ ಕೇಳಿ. ಅವರಮ್ಮ ಬೆಳಿಗ್ಗೆ ಐದಕ್ಕೆ ಎದ್ದು ಮಧ್ಯಾಹ್ನದ ಅನ್ನ ಸಾರು ಮಾಡಿಟ್ಟು, ಗ್ಯಾಸಿನ ರೆಗ್ಯುಲೇಟರು ಆಫ್ ಮಾಡಿ, ಎಂಟು ಗಂಟೆಗೆ ಹೊರಡ್ತಾಳೆ. ಹುಡುಗ ಒಳಗಿನಿಂದ ಚಿಲಕ ಹಾಕಿಕೊಳ್ತಾನೆ. ತಂಗಿಗೆ ತಲೆ ಬಾಚೋದು, ತಿಂಡಿ ತಿನ್ನಿಸೋದು, ಎರಡು ಗಂಟೆ ಟಿ.ವಿ., ಆಮೇಲೆ ಮೊಬೈಲು, ಆಮೇಲೆ ಜಗಳ. ಫ್ಯಾಕ್ಟರಿಯಲ್ಲಿ ಲೈನಿನಲ್ಲಿ ಕೂತಾಗ ಫೋನ್ ಮುಟ್ಟೋ ಹಾಗಿಲ್ಲ. ಹಾಗಾಗಿ ಅಮ್ಮನ ಫೋನು ಊಟದ ಬಿಡುವಿನಲ್ಲಿ ಒಂದೇ ಸಲ. ಆ ಫೋನು ಬರೋವರೆಗೆ ಏನೇ ಆದರೂ ಅವನೇ ನಿಭಾಯಿಸಬೇಕು. ವಠಾರದ ಓನರ್ ಅಜ್ಜಿಗೆ "ಸ್ವಲ್ಪ ನೋಡ್ಕೊಳ್ಳಿ" ಅಂತ ತಿಂಗಳಿಗೆ 1,500 ಕೊಡ್ತಾರೆ. ಅಜ್ಜಿಗೆ ಎಪ್ಪತ್ತು ದಾಟಿದೆ, ಮೆಟ್ಟಿಲು ಹತ್ತೋಕೆ ಆಗೋಲ್ಲ, ಕೆಳಗಿನಿಂದಲೇ ಕೂಗಿ ವಿಚಾರಿಸ್ತಾರೆ.

ಅಂದರೆ ಹನ್ನೊಂದು ವರ್ಷದ ಹುಡುಗನೊಬ್ಬ ಒಂದು ಬೇಸಿಗೆ ಪೂರ್ತಿ ಸಂಬಳವಿಲ್ಲದೆ ಡೇ ಕೇರ್ ನಡೆಸಿದ. ಕೆಳಗೆ ವಠಾರದ ಹುಡುಗರು ಕ್ರಿಕೆಟ್ ಆಡ್ತಿದ್ದರೆ ಇವನು ಕಿಟಕಿಯಿಂದ ಸ್ಕೋರ್ ಕೇಳ್ತಿದ್ದನಂತೆ. ಲೆಕ್ಕ ಮಾಡಿದರೆ ತಮ್ಮನ ಮನೆಯಲ್ಲಿ ಕೈಯಿಂದ ಖರ್ಚಾದ ದುಡ್ಡು ನನ್ನ ಕಾಲು ಭಾಗವೂ ಇಲ್ಲ. ಖರ್ಚಾದದ್ದು ಆ ಹುಡುಗನ ರಜೆ.

ಎಲೆಕ್ಟ್ರಾನಿಕ್ ಸಿಟಿಯಲ್ಲಿ ನನ್ನ ಕಾಲೇಜಿನ ಗೆಳತಿಯೊಬ್ಬಳಿದ್ದಾಳೆ. ಅವಳದ್ದು ಇನ್ನೊಂದು ಥರ. ಇಬ್ಬರು ಮಕ್ಕಳು, ಒಂದು ಸಿ.ಬಿ.ಎಸ್.ಇ., ಇನ್ನೊಂದು ರಾಜ್ಯದ ಪಠ್ಯಕ್ರಮ. ಒಬ್ಬಳಿಗೆ ರಜೆ ಇದ್ದಾಗ ಇನ್ನೊಬ್ಬನಿಗೆ ಶಾಲೆ! ಕೋವಿಡ್ ಕಾಲದಲ್ಲಿ ಮನೆಯಿಂದಲೇ ಕೆಲಸ ಇತ್ತು, ಲ್ಯಾಪ್‌ಟಾಪಿನ ಪಕ್ಕದಲ್ಲೇ ಮಕ್ಕಳನ್ನ ಕೂರಿಸಿಕೊಂಡು ಹೇಗೋ ನಡೀತು. ಆಮೇಲೆ ಕಂಪನಿ ಎಲ್ಲರನ್ನೂ ಆಫೀಸಿಗೆ ಕರೆಯಿತು. ಒಂದು ವರ್ಷ ಕ್ಯಾಂಪು, ಡೇ ಕೇರು, ಅತ್ತೆ, ಅಮ್ಮ ಅಂತ ಎಲ್ಲರನ್ನೂ ಸುತ್ತಿದ್ದಾಯ್ತು. 2024ರ ಮೇ ತಿಂಗಳಲ್ಲಿ ಕೆಲಸಾನೇ ಬಿಟ್ಟಳು. ಹದಿಮೂರು ವರ್ಷದ ಅನುಭವ. ಗಂಡನ ಸಂಬಳ ಜಾಸ್ತಿ, ಹಾಗಾಗಿ ಯಾರು ಬಿಡಬೇಕು ಅನ್ನೋ ಚರ್ಚೆ ಮನೆಯಲ್ಲಿ ನಡೆಯಲೇ ಇಲ್ಲವಂತೆ. ಕೆಲಸ ಬಿಡೋ ಕಾಗದದಲ್ಲಿ "ವೈಯಕ್ತಿಕ ಕಾರಣ" ಅಂತ ಬರೆದಳು. ಬೇಸಿಗೆ ರಜೆ ಅಂತ ಯಾರು ಬರೀತಾರೆ?

ಇದೆಲ್ಲ ನೋಡಿ ನನಗೆ ಕುತೂಹಲ ಹುಟ್ಟಿತು. ಮಕ್ಕಳನ್ನ ನೋಡಿಕೊಳ್ಳೋ ವಿಷಯದಲ್ಲಿ ನಮ್ಮ ಕಾನೂನು ಏನನ್ನತ್ತೆ ಅಂತ ಹುಡುಕಿ ಓದಿದೆ. ಸ್ವಲ್ಪ ಬೋರು, ಆದರೆ ಸಹಿಸಿಕೊಳ್ಳಿ.

1948ರ ಕಾರ್ಖಾನೆ ಕಾಯ್ದೆಯ 48ನೇ ಸೆಕ್ಷನ್ನು, ಮೂವತ್ತಕ್ಕಿಂತ ಹೆಚ್ಚು ಹೆಂಗಸರಿರೋ ಕಾರ್ಖಾನೆಯಲ್ಲಿ ಮಕ್ಕಳನ್ನ ನೋಡಿಕೊಳ್ಳೋ ಕೋಣೆ ಇರಲೇಬೇಕು ಅಂತ ಹೇಳ್ತಿತ್ತು. ಯಾವ ಮಕ್ಕಳಿಗೆ? ಆರು ವರ್ಷದೊಳಗಿನವರಿಗೆ. 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿ ಬಂದು, ಐವತ್ತು ಜನ ಕೆಲಸ ಮಾಡೋ ಸಂಸ್ಥೆಗಳಿಗೂ ಮಕ್ಕಳ ಕೋಣೆ ಕಡ್ಡಾಯವಾಯ್ತು. ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನ ನೋಡಿಬರಬಹುದು. ನಮ್ಮಂಥ ಐ.ಟಿ. ಆಫೀಸುಗಳಿಗೆ ಡೇ ಕೇರ್ ಬಂದದ್ದರಲ್ಲಿ ಇದರ ಪಾಲು ದೊಡ್ಡದು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲೂ ಮಕ್ಕಳ ಕೋಣೆ ಇದೆ, ಅಲ್ಲೂ ಆರು ವರ್ಷದೊಳಗೆ. ಅಂಗನವಾಡಿ ಆರು ವರ್ಷದವರೆಗೆ. ಕೇಂದ್ರದ ಪಾಲನಾ ಯೋಜನೆಯೂ ಆರು ವರ್ಷದವರೆಗೆ. ನಮ್ಮ ರಾಜ್ಯ 4,000 ಗ್ರಾಮ ಪಂಚಾಯಿತಿಗಳಲ್ಲಿ ಮಾಡ್ತೀವಿ ಅಂದ "ಕೂಸಿನ ಮನೆ"ಯಂತೂ ಹೆಸರೇ ಹೇಳೋ ಹಾಗೆ ಕೂಸುಗಳಿಗೆ.

ಆರರಿಂದ ಹದಿನಾಲ್ಕರವರೆಗೆ ಶಿಕ್ಷಣ ಹಕ್ಕು ಕಾಯ್ದೆ. ಶಾಲೆಗೆ ಕಳಿಸಿ, ನಾವು ನೋಡ್ಕೊಳ್ತೀವಿ ಅನ್ನೋದು ಅದರ ಅರ್ಥ ಅಂತ ನಾವೆಲ್ಲ ತಿಳ್ಕೊಂಡಿದ್ದೀವಿ. ಆ ಕಾಯ್ದೆ ಕೇಳೋದು ಒಂದರಿಂದ ಐದನೇ ಕ್ಲಾಸಿಗೆ ವರ್ಷಕ್ಕೆ ಕನಿಷ್ಠ 200 ದಿನದ ಶಾಲೆ, ಆರರಿಂದ ಎಂಟಕ್ಕೆ 220 ದಿನ. ತಮ್ಮ ದುಡಿಯೋದು 280 ದಿನ. ಮಿಕ್ಕ ದಿನ ಮಗು ಯಾರ ಜವಾಬ್ದಾರಿ ಅನ್ನೋದು ಅದರಲ್ಲಿ ಇಲ್ಲ. ಅದು ಪಾಠದ ಕಾಯ್ದೆ, ಅದರ ತಪ್ಪೂ ಅಲ್ಲ.

ಇನ್ನೂ ಒಂದು ಕಡೆ "ರಜೆ" ಅನ್ನೋ ಪದ ಸಿಕ್ಕಿತು. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿಯಲ್ಲಿ. ಹದಿನಾಲ್ಕರೊಳಗಿನ ಮಕ್ಕಳನ್ನ ಯಾವ ಕೆಲಸಕ್ಕೂ ಹಚ್ಚಬಾರದು; ಆದರೆ ಶಾಲೆ ಮುಗಿದ ಮೇಲೆ ಅಥವಾ ರಜೆಯಲ್ಲಿ, ಅಪಾಯವಿಲ್ಲದ ಮನೆತನದ ಕಸುಬಿಗೆ ನೆರವಾಗಬಹುದು ಅಂತ ಅದರಲ್ಲಿದೆ. ನಾನು ಓದಿದ ಇಷ್ಟು ಕಾನೂನಿನಲ್ಲಿ ಮಗುವಿನ ರಜೆಯ ಹೆಸರು ಎತ್ತಿದ್ದು ಇದೊಂದೇ. ಅದೂ ದುಡಿಮೆಯ ಮಾತಿಗೆ! ತಮ್ಮನ ಮಗ ಮಾಡಿದ್ದು ಅದರ ಪ್ರಕಾರ ಬಾಲಕಾರ್ಮಿಕತನ ಅಲ್ಲವೇ ಅಲ್ಲ. ತಂಗಿಯನ್ನ ನೋಡಿಕೊಳ್ಳೋದಕ್ಕೆ ಕೆಲಸ ಅನ್ನೋ ಹೆಸರೇ ಇಲ್ಲವಲ್ಲ. ಅಮ್ಮಂದಿರಿಗೂ ಅಜ್ಜಿಯಂದಿರಿಗೂ ಇಲ್ಲದ್ದು ಅವನಿಗೆಲ್ಲಿಂದ ಬರಬೇಕು.

ಅಜ್ಜಿ ಅಂದಾಗ ನೆನಪಾಯ್ತು. ಈ ಮಾತು ಎತ್ತಿದರೆ ಸಾಕು, ಹಿರಿಯರು ಹೇಳೋದು ಒಂದೇ. "ನಮ್ಮ ಕಾಲದಲ್ಲಿ ಕ್ಯಾಂಪೂ ಇಲ್ಲ, ಗೀಂಪೂ ಇಲ್ಲ, ಅಜ್ಜಿ ಮನೆಗೆ ಕಳಿಸ್ತಿದ್ವಿ. ಒಂದು ಪೈಸೆ ಖರ್ಚಿರಲಿಲ್ಲ." ನಿಜ, ನಾನೂ ಅಜ್ಜಿ ಮನೆ ಕಂಡವಳೇ. ತೆಂಗಿನ ತೋಟ, ಬೋರ್‌ವೆಲ್ಲಿನ ತೊಟ್ಟಿ, ಒಂಬತ್ತು ಜನ ಮೊಮ್ಮಕ್ಕಳು. ಬೆಳಿಗ್ಗೆ ರೊಟ್ಟಿ, ಮಧ್ಯಾಹ್ನ ಮುದ್ದೆ, ಸಂಜೆ ಕೊಬ್ಬರಿ ಬೆಲ್ಲ, ರಾತ್ರಿ ಜಗುಲಿ ಮೇಲೆ ಸಾಲಾಗಿ ಹಾಸಿಗೆ. ಹೊತ್ತು ಹೊತ್ತಿಗೆ ಹನ್ನೆರಡು ತಟ್ಟೆ. ಅಮ್ಮ ಈಗ ಹೇಳ್ತಾಳೆ, ನಾವೆಲ್ಲ ಬಸ್ಸು ಹತ್ತಿ ಹೊರಟ ಮೇಲೆ ಅಜ್ಜಿ ಒಂದು ವಾರ ಸೊಂಟ ಹಿಡಿದುಕೊಂಡು ಮಲಗ್ತಿದ್ದಳಂತೆ. ಅಜ್ಜಿ ಮನೆ ಪುಕ್ಕಟೆ ಆಗಿರಲಿಲ್ಲ ಕಣ್ರೀ. ಬಿಲ್ಲು ನಮ್ಮ ಹೆಸರಿಗೆ ಬರ್ತಿರಲಿಲ್ಲ, ಅಷ್ಟೇ.

ಈಗ ಆ ಅಜ್ಜಿಯಂದಿರೂ ಬೇರೆ. ನಮ್ಮಮ್ಮನಿಗೆ ಮಂಡಿ ನೋವು, ಏಳು ದಿನಕ್ಕೇ ಸಾಕಾಗುತ್ತೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮನೆಗೆಲಸಕ್ಕೆ ಬರೋ ಯಾದಗಿರಿ ಕಡೆಯ ಹೆಂಗಸೊಬ್ಬರನ್ನ "ಮಕ್ಕಳನ್ನ ಊರಿಗೆ ಕಳಿಸಲ್ವಾ?" ಅಂತ ಕೇಳಿದ್ದೆ. "ಎಲ್ಲಿಗಿ ಕಳಸ್ಲಿ ಅಕ್ಕಾ, ನಮ್ಮವ್ವನೂ ಇಲ್ಲೇ ಬೆಂಗ್ಳೂರಾಗ ಕಟ್ಟಡದ ಕೆಲಸಕ್ಕ ಹೋಗ್ತಾಳ. ಊರಾಗ ಮನಿಗಿ ಕೀಲಿ ಹಾಕೀವಿ" ಅಂದ್ರು. ಅಜ್ಜಿಯೇ ದುಡಿಯೋಕೆ ಬಂದ ಮೇಲೆ ಅಜ್ಜಿ ಮನೆ ಎಲ್ಲಿಂದ ಬರಬೇಕು? ಅವರ ಮಕ್ಕಳಿಬ್ಬರೂ ಆ ಬೇಸಿಗೆಯಲ್ಲಿ ಅಮ್ಮನ ಹಿಂದೆ ಮನೆಯಿಂದ ಮನೆಗೆ ತಿರುಗಿ ಮೆಟ್ಟಿಲ ಮೇಲೆ ಕೂತಿರ್ತಿದ್ದರು. ನಮ್ಮ ಮನೆಯಲ್ಲಾದರೆ ಒಳಗೆ ಕೂತು ಮಗಳ ಬಣ್ಣದ ಪೆನ್ಸಿಲ್ಲುಗಳಲ್ಲಿ ಚಿತ್ರ ಬರೀತಿದ್ರು. ಕೆಲವು ಮನೆಗಳಲ್ಲಿ ಮಕ್ಕಳನ್ನ ಕರಕೊಂಡು ಬರಬೇಡ ಅಂತ ಹೇಳಿದ್ರಂತೆ.

ಹಾಗಾದರೆ ಏನು ಮಾಡಬಹುದು? ಕಬ್ಬನ್ ಪಾರ್ಕಿನ ಬಾಲಭವನದಲ್ಲಿ ಬೇಸಿಗೆ ಶಿಬಿರ ಮಾಡ್ತಾರೆ, ಒಳ್ಳೆಯದೇ. ಪೀಣ್ಯದಿಂದಲೂ ವೈಟ್‌ಫೀಲ್ಡಿನಿಂದಲೂ ಈಗ ಮೆಟ್ರೋ ಇದೆ. ಎಲೆಕ್ಟ್ರಾನಿಕ್ ಸಿಟಿಗೂ 2025ರ ಆಗಸ್ಟಿನಲ್ಲಿ ಹಳದಿ ಮಾರ್ಗ ಬಂತು. ಆದರೆ ಬೆಳಿಗ್ಗೆ ಪಂಚಿಂಗ್ ಮಾಡಬೇಕಾದವರು ಮಗುವನ್ನ ಕಬ್ಬನ್ ಪಾರ್ಕಿಗೆ ಬಿಟ್ಟು ಮತ್ತೆ ಪೀಣ್ಯಕ್ಕೆ ಹೋಗೋದು ಹೇಗೆ? ಮಧ್ಯಾಹ್ನ ಕರಕೊಂಡು ಬರೋದು ಯಾರು? ಮಗು ಇರಬೇಕಾದ ಜಾಗ ಮನೆಗೆ ನಡೆಯೋಷ್ಟು ಹತ್ತಿರ ಇರಬೇಕು. ಅಮ್ಮನ ಶಿಫ್ಟಿನಷ್ಟು ಹೊತ್ತು ತೆರೆದಿರಬೇಕು. ಮಧ್ಯಾಹ್ನ ಊಟ ಇರಬೇಕು. ಇಷ್ಟೇ ಬೇಕಾದದ್ದು. ರೋಬೋಟಿಕ್ಸು, ವೇದಿಕ್ ಮ್ಯಾಥ್ಸು ಯಾರಿಗೆ ಬೇಕು?

ಹಾಗೆ ಯೋಚಿಸಿದರೆ ಅಂಥ ಜಾಗ ಪ್ರತಿ ಬಡಾವಣೆಯ ಹತ್ತಿರವೂ ಕಟ್ಟಿ ನಿಲ್ಲಿಸಿಯಾಗಿದೆ. ಅದರ ಹೆಸರು ಸರ್ಕಾರಿ ಶಾಲೆ. ಕೋಣೆ ಇದೆ, ಅಡುಗೆಮನೆ ಇದೆ, ಬೇಸಿಗೆಯಲ್ಲಿ ಗೇಟಿಗೆ ಬೀಗ ಇದೆ. ಆ ಬೀಗ ತೆಗೆಯೋಕೆ ಆಗದೇ ಇರೋದೇನೂ ಅಲ್ಲ. 2024ರ ಬೇಸಿಗೆಯಲ್ಲಿ ಬರ ಬಿದ್ದಾಗ ನಮ್ಮ ಸರ್ಕಾರವೇ ಬರಪೀಡಿತ ಅಂತ ಘೋಷಿಸಿದ 223 ತಾಲ್ಲೂಕುಗಳಲ್ಲಿ ರಜೆಯ ದಿನಗಳಲ್ಲೂ ಬಿಸಿಯೂಟ ಕೊಟ್ಟಿತ್ತು. ಒಲೆ ಹಚ್ಚಿದರು, ಮಕ್ಕಳು ಬಂದರು, ಉಂಡರು. ಬಿಸಿಯೂಟದ ಅಡುಗೆಯವರಿಗೆ ಗೌರವಧನ ವರ್ಷಕ್ಕೆ ಹತ್ತೇ ತಿಂಗಳ ಲೆಕ್ಕ. ಬೇಸಿಗೆಯಲ್ಲಿ ಅವರಿಗೂ ಕೆಲಸ ಬೇಕು. ಮೇಷ್ಟ್ರುಗಳನ್ನ ಕರೆಯೋದು ಬೇಡ, ಅವರ ರಜೆ ಅವರಿಗಿರಲಿ. ಬಡಾವಣೆಯಲ್ಲೇ ಡಿಗ್ರಿ ಓದೋ ಹುಡುಗ ಹುಡುಗಿಯರು ಇದ್ದಾರೆ, ತರಬೇತಿ ಕೊಟ್ಟು ಸಂಬಳ ಕೊಟ್ಟರೆ ಕತೆ ಹೇಳ್ತಾರೆ, ಕಬಡ್ಡಿ ಆಡಿಸ್ತಾರೆ. ಖರ್ಚು? ಸಾವಿರಾರು ಜನರನ್ನ ಕೆಲಸಕ್ಕಿಟ್ಟುಕೊಂಡಿರೋ ಕಂಪನಿಗಳು, ಕಾರ್ಖಾನೆಗಳು ಇದೇ ಪೀಣ್ಯ, ವೈಟ್‌ಫೀಲ್ಡು, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇವೆ. ಸರ್ಕಾರದ ಜೊತೆ ಅವರೂ ಒಂದು ಪಾಲು ಹಾಕಲಿ. ನನ್ನಂಥವರು ಶುಲ್ಕ ಕಟ್ಟಲಿ, ನನ್ನ ಮಗಳೂ ಅಲ್ಲೇ ಹೋಗಲಿ.

ಇದು ಕನಸು ಅನ್ನೋರಿಗೆ ಹೊರಗಿನ ಉದಾಹರಣೆ ಬೇಕು ಅಂದ್ರೆ ಅದೂ ಇದೆ. ಸ್ವೀಡನ್ನಿನಲ್ಲಿ ಕೆಲಸಕ್ಕೆ ಹೋಗೋರ ಮಕ್ಕಳನ್ನ 13 ತುಂಬೋ ಹೊತ್ತಿನವರೆಗೂ ಶಾಲೆ ಮುಗಿದ ಮೇಲೆ, ರಜೆಯಲ್ಲಿ ನೋಡಿಕೊಳ್ಳೋ ಜವಾಬ್ದಾರಿ ಊರಿನ ಪುರಸಭೆಯದ್ದು. ಶುಲ್ಕಕ್ಕೂ ಮಿತಿ ಇದೆ. ಇಂಗ್ಲೆಂಡಿನಲ್ಲಿ 2021ರಿಂದ ಶಾಲೆಯಲ್ಲಿ ಉಚಿತ ಊಟ ಪಡೆಯೋ ಮಕ್ಕಳಿಗೆ ರಜೆಯಲ್ಲೂ ಊಟ, ಆಟದ ಶಿಬಿರ ಎಲ್ಲ ಜಿಲ್ಲೆಗಳಲ್ಲೂ ನಡೀತಾ ಬಂದಿದೆ. ಅವರು ಶ್ರೀಮಂತರು, ಒಪ್ತೀನಿ. ಆದರೆ ಬಿಸಿಯೂಟದಂಥ ದೊಡ್ಡ ಕೆಲಸವನ್ನ ಹಳ್ಳಿ ಹಳ್ಳಿಯಲ್ಲಿ ನಡೆಸಿ ತೋರಿಸಿದ ರಾಜ್ಯ ನಮ್ಮದು. ಮೂರು ಕೈಗಾರಿಕಾ ಪ್ರದೇಶದ ಸುತ್ತಲಿನ ಶಾಲೆಗಳಲ್ಲಿ ಒಂದು ಬೇಸಿಗೆ ಮಾಡಿ ನೋಡೋದು ಅಷ್ಟು ದೊಡ್ಡ ಮಾತಲ್ಲ.

ಮೊನ್ನೆ ತಮ್ಮನಿಗೆ ಇದನ್ನೆಲ್ಲ ಹೇಳಿದೆ. ಸುಮ್ಮನೆ ಕೇಳಿಸಿಕೊಂಡ. "ಇನ್ನೆರಡು ವರ್ಷ ಅಕ್ಕಾ, ಅಷ್ಟೊತ್ತಿಗೆ ಮಗಳೂ ದೊಡ್ಡೋಳಾಗ್ತಾಳೆ, ತೊಂದ್ರೆ ಇರಲ್ಲ" ಅಂದ. ಹೌದು, ಎಲ್ಲರೂ ಹೀಗೇ ದಾಟ್ತಾರೆ. ಮಕ್ಕಳು ದೊಡ್ಡವರಾಗ್ತಾರೆ, ಅಪ್ಪ ಅಮ್ಮಂದಿರು ಮರೆತುಬಿಡ್ತಾರೆ, ಅದಕ್ಕೇ ಈ ವಿಷಯಕ್ಕೆ ಗಲಾಟೆ ಮಾಡೋರು ಯಾರೂ ಉಳಿಯೋದಿಲ್ಲ.

ಅಷ್ಟರಲ್ಲಿ ಅವನ ಮಗ ಹೊರಗಿನಿಂದ ಬಂದ, ಕೈಯಲ್ಲಿ ಬ್ಯಾಟು. ಆವತ್ತು ಭಾನುವಾರ. ಎಷ್ಟು ರನ್ ಹೊಡೆದೆ ಅಂತ ಕೇಳಿದೆ. "ಹದಿನೇಳು ಅತ್ತೆ, ನಾಟ್ ಔಟ್" ಅಂದ. ಇನ್ನೂ ಆಡ್ತಿದ್ದನಂತೆ, ಕತ್ತಲಾಯ್ತು ಅಂತ ನಿಲ್ಲಿಸಿದರಂತೆ.